ಕ್ರಾಸ್ ಮಾಡಿಸುವ ಮುಂಚೆ ಕೆನ್ನೆ ಉಜ್ಜಿ: ನಾಯಿಗಳ ಸೀಳು ಅಂಗುಳಕ್ಕೆ ಜೀನ್ ಟೆಸ್ಟ್

ಚುಕ್ಕಿ ಏಳು ಮರಿ ಹಾಕಿದ ರಾತ್ರಿ ಎಲ್ಲ ಸುಸೂತ್ರವಾಗಿ ಮುಗಿಯಿತು ಅಂದುಕೊಂಡಿದ್ದೆ. ಪ್ರತಿ ಮರಿಯ ಕುತ್ತಿಗೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದೆ. ತೂಕ ನೋಡಿ ಬರೆದಿಟ್ಟೆ. ಮಲಗಿದೆ. ಬೆಳಗಿನ ಜಾವ ಮಗಳು ಬಂದು ಎಬ್ಬಿಸಿದಳು. "ಹಳದಿ ದಾರದ್ದು ಸೀನ್ತಾನೇ ಇದೆ. ಮೂಗಲ್ಲಿ ಹಾಲು ಬರ್ತಿದೆ ನೋಡಿ."

ಎತ್ತಿಕೊಂಡು ನೋಡಿದೆ. ಒಂದು ಮೂಗಿನ ಹೊಳ್ಳೆಯಲ್ಲಿ ಹಾಲಿನ ಗುಳ್ಳೆ. ಉಸಿರು ಬಿಟ್ಟಾಗ ಉಬ್ಬುತ್ತದೆ, ಎಳೆದುಕೊಂಡಾಗ ಒಡೆಯುತ್ತದೆ. ಮಗಳು ಟಾರ್ಚ್ ಹಿಡಿದಳು, ನಾನು ಬಾಯಿ ಬಿಡಿಸಿ ಕಿರುಬೆರಳು ಒಳಗಿಟ್ಟೆ. ಮರಿಯ ಅಂಗುಳ ಮುಟ್ಟಿದರೆ ಸಣ್ಣ ಸಣ್ಣ ಏಣು ಏಣಾಗಿ ಸಿಗಬೇಕು. ಇಲ್ಲಿ ಬೆರಳು ಸೀದಾ ಮೇಲಕ್ಕೆ ಜಾರಿತು. ಅಂಗುಳದ ನಡುವೆ ಉದ್ದಕ್ಕೂ ಸೀಳು. ಅದರಾಚೆ ಮೂಗಿನ ಒಳಗಿನ ಒದ್ದೆ ಗುಲಾಬಿ ಬಣ್ಣ ಟಾರ್ಚ್ ಬೆಳಕಿಗೆ ಹೊಳೆಯುತ್ತಿತ್ತು. ಕೆಳದವಡೆಯೂ ಸ್ವಲ್ಪ ಗಿಡ್ಡ. ಉಳಿದ ಆರನ್ನೂ ಆಗಲೇ ನೋಡಿದೆವು. ಹಸಿರು ದಾರದ್ದಕ್ಕೂ ಅದೇ.

ಹಳದಿ ಮೂರನೇ ದಿನ ಹೋಯಿತು. ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಹಸಿರನ್ನು ಡಾಕ್ಟರು ಶಾಶ್ವತವಾಗಿ ಮಲಗಿಸಿದರು.

ಆಮೇಲೆ ಫೈಲ್ ತೆಗೆದು ಕೂತೆ. ಗಂಡು ನಾಯಿ ಕೆಂಚನನ್ನು ಕ್ರಾಸ್‌ಗೆ ಕೊಟ್ಟವರು "ಜೀನ್ ಟೆಸ್ಟ್ ಆಗಿದೆ, ಎಲ್ಲಾ ಕ್ಲಿಯರ್" ಅಂದಿದ್ದರು. ರಿಪೋರ್ಟ್ ಕೂಡ ಕೊಟ್ಟಿದ್ದರು. ನಾನು ಮೇಲಿನ "ಕ್ಲಿಯರ್" ಪದ ನೋಡಿ ಮಡಿಸಿಟ್ಟಿದ್ದೆ. ಈಗ ಪೂರ್ತಿ ಓದಿದರೆ ಅದರಲ್ಲಿದ್ದದ್ದು ಎರಡು ಕಣ್ಣಿನ ಕಾಯಿಲೆಗಳು ಮಾತ್ರ. ಅಂಗುಳದ ಹೆಸರೇ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಇನ್ನು ನಮ್ಮ ಚುಕ್ಕಿಗಂತೂ ನಾನು ಯಾವ ಟೆಸ್ಟನ್ನೂ ಮಾಡಿಸಿರಲಿಲ್ಲ. ಹಾಗಾಗಿ ಬೈಯುವುದಿದ್ದರೆ ಮೊದಲು ನನ್ನನ್ನೇ.

ಅಂದಿನಿಂದ ಈ ಟೆಸ್ಟ್ ಮಾಡಿಸುವುದು ಹೇಗೆ ಅಂತ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ನೀವು ಯಾವ ದೋಷದ ಬಗ್ಗೆ ಕೇಳಿದ್ದೀರೋ ಅದಕ್ಕಷ್ಟೇ ಲ್ಯಾಬ್ ಉತ್ತರ ಕೊಡುತ್ತದೆ. ಆದ್ದರಿಂದ ಏನು ಕೇಳಬೇಕು ಎನ್ನುವುದು ಮೊದಲು ಗೊತ್ತಿರಬೇಕು.

ಇದು ರಕ್ತದಿಂದಲೇ ಬಂದದ್ದಾ?

ಸೀಳು ಅಂಗುಳ ಕಂಡ ಕೂಡಲೇ "ವಂಶದ ದೋಷ" ಅಂತ ತೀರ್ಮಾನಿಸಬೇಡಿ. ನಾಯಿಯ ಬಸಿರು ಸುಮಾರು 63 ದಿನ. ಮರಿಯ ಅಂಗುಳ ಎಡದಿಂದ ಒಂದು ತಟ್ಟೆ, ಬಲದಿಂದ ಒಂದು ತಟ್ಟೆ ಬೆಳೆದು ನಡುವೆ ಕೂಡಿಕೊಂಡು ಆಗುವುದು. ಈ ಕೂಡಿಕೆ ಹೆಚ್ಚುಕಡಿಮೆ ಬಸಿರಿನ ನಾಲ್ಕು, ಐದನೇ ವಾರದಲ್ಲಿ ನಡೆಯುತ್ತದೆ. ಆ ಹೊತ್ತಿಗೆ ತಾಯಿಗೆ ಫಂಗಸ್‌ಗೆ ಕೊಡುವ ಗ್ರಿಸಿಯೋಫಲ್ವಿನ್ ಮಾತ್ರೆ, ಸ್ಟೀರಾಯ್ಡ್, ಅಥವಾ ವಿಟಮಿನ್ ಎ ಜಾಸ್ತಿ ಪ್ರಮಾಣದಲ್ಲಿ ಹೋಗಿದ್ದರೆ ಜೀನ್ ಸರಿಯಿದ್ದರೂ ಅಂಗುಳ ಕೂಡದೆ ಉಳಿಯಬಹುದು.

ಹಾಗಾಗಿ ಟೆಸ್ಟ್‌ಗೆ ಕಳಿಸುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಕ್ರಾಸ್ ಆದ ದಿನ ಯಾವುದು? ಅಲ್ಲಿಂದ ಐದು ವಾರದೊಳಗೆ ತಾಯಿಗೆ ಯಾವ ಔಷಧಿ, ಯಾವ ಟಾನಿಕ್, ಯಾವ ಪುಡಿ ಕೊಟ್ಟಿರಿ? ಚರ್ಮದ ಔಷಧಿಯನ್ನು ಜನ ಮರೆಯುತ್ತಾರೆ, ಅದನ್ನೂ ಬರೆಯಿರಿ. ಹಿಂದಿನ ಸಲದ ಮರಿಗಳಲ್ಲಿ ಯಾವುದಾದರೂ ಮೊದಲ ವಾರದಲ್ಲೇ ಸತ್ತಿತ್ತಾ? "ಸೊರಗಿ ಹೋಯಿತು" ಅಂತ ಬರೆದಿಟ್ಟ ಮರಿಗಳ ಬಾಯನ್ನು ಯಾರೂ ನೋಡಿರುವುದಿಲ್ಲ. ಗಂಡಿನ ಕಡೆಯವರನ್ನೂ ಕೇಳಿ, ಅದೇ ಗಂಡಿನಿಂದ ಬೇರೆ ಹೆಣ್ಣುಗಳಿಗೆ ಹುಟ್ಟಿದ ಮರಿಗಳಲ್ಲಿ ಹೀಗಾಗಿತ್ತಾ ಅಂತ. ಕೇಳಲು ಮುಜುಗರವಾಗುತ್ತದೆ. ಆದರೂ ಕೇಳಿ.

ನಮ್ಮ ಹಾಳೆಯಲ್ಲಿ ಔಷಧಿ ಏನೂ ಇರಲಿಲ್ಲ. ಏಳರಲ್ಲಿ ಎರಡು ಮರಿ. ವಂಶಾವಳಿ ಬಿಡಿಸಿ ನೋಡಿದರೆ ಚುಕ್ಕಿಯ ಅಜ್ಜ, ಕೆಂಚನ ಮುತ್ತಜ್ಜ ಇಬ್ಬರೂ ಒಂದೇ ನಾಯಿ. ವಂಶದ ದೋಷ ಇರಬಹುದು ಅಂತ ಟೆಸ್ಟ್‌ಗೆ ಕಳಿಸಲು ಅಷ್ಟು ಸಾಕಾಗಿತ್ತು.

ಯಾವ ತಳಿಗೆ ಯಾವ ಟೆಸ್ಟ್

ನಮ್ಮವು ಟೋಲರ್‌ಗಳು. ಪೂರ್ತಿ ಹೆಸರು ನೋವಾ ಸ್ಕೋಷಿಯಾ ಡಕ್ ಟೋಲಿಂಗ್ ರಿಟ್ರೀವರ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಬಾತು ಬೇಟೆಗೆ ಬೆಳೆಸಿದ ಕೆಂಬಣ್ಣದ ತಳಿ. ದಡದಲ್ಲಿ ಕುಣಿದಾಡಿ ಬಾತುಗಳನ್ನು ಹತ್ತಿರಕ್ಕೆ ಸೆಳೆಯುವುದು ಇವುಗಳ ಕೆಲಸ. ಕೆನಡಿಯನ್ ಕೆನಲ್ ಕ್ಲಬ್ 1945ರಲ್ಲಿ ಮಾನ್ಯತೆ ಕೊಟ್ಟಿತು. ಮೂಲದಲ್ಲಿ ಕೆಲವೇ ನಾಯಿಗಳಿಂದ ಬೆಳೆದ ತಳಿಯಾದ್ದರಿಂದ ಎಲ್ಲವೂ ಎಲ್ಲಕ್ಕೂ ನೆಂಟರು. ಒಂದು ಕೆಟ್ಟ ಜೀನ್ ಸೇರಿಕೊಂಡರೆ ಹತ್ತಾರು ಮನೆಗೆ ಸದ್ದಿಲ್ಲದೆ ಹೋಗುತ್ತದೆ.

ಈ ತಳಿಯ ಸೀಳು ಅಂಗುಳದ ಬಗ್ಗೆ ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಡ್ಯಾನಿಕಾ ಬನ್ನಾಶ್ ಅವರ ತಂಡ ಕೆಲಸ ಮಾಡಿತು. 2014ರಲ್ಲಿ ಮೊದಲ ದೋಷವನ್ನು ಪ್ರಕಟಿಸಿದರು. 14ನೇ ಕ್ರೋಮೋಸೋಮ್‌ನಲ್ಲಿ ಡಿಎಲ್‌ಎಕ್ಸ್6 ಎನ್ನುವ ಜೀನ್ ಇದೆ. ಅದರೊಳಗೆ ಲೈನ್-1 ಎನ್ನುವ, ತನ್ನನ್ನೇ ನಕಲು ಮಾಡಿಕೊಂಡು ಬೇರೆ ಕಡೆ ಹೋಗಿ ಕೂರುವ ಡಿಎನ್‌ಎ ತುಂಡು ಬಂದು ಸೇರಿಕೊಂಡಿದೆ. ಸುಮಾರು 2000 ಅಕ್ಷರದಷ್ಟು ಉದ್ದ. ಒಳ್ಳೆಯ ಕಾಗದಪತ್ರದ ನಡುವೆ ಯಾರೋ ಒಂದು ಪುಟ ಹಾಳು ಹರಟೆ ಸೇರಿಸಿ ಹೊಲಿದ ಹಾಗೆ. ಈ ದೋಷಕ್ಕೆ ರಿಪೋರ್ಟ್‌ನಲ್ಲಿ ಇರುವ ಹೆಸರು ಸಿಪಿ1.

ಇದರಿಂದ ಅಂಗುಳ ಹೇಗೆ ಸೀಳುತ್ತದೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಹಳದಿ ಮರಿಯ ಗಿಡ್ಡ ದವಡೆಯಲ್ಲೇ ಅದಕ್ಕೆ ಸುಳಿವು ಇತ್ತು. ಡಿಎಲ್‌ಎಕ್ಸ್6 ದವಡೆ ರೂಪುಗೊಳ್ಳುವುದಕ್ಕೆ ಬೇಕಾದ ಜೀನ್. ದವಡೆ ಚಿಕ್ಕದಾದರೆ ನಾಲಿಗೆಗೆ ಜಾಗ ಸಾಲದೆ ಅದು ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಎರಡೂ ಕಡೆಯಿಂದ ಬರುತ್ತಿರುವ ಅಂಗುಳದ ತಟ್ಟೆಗಳಿಗೆ ನಾಲಿಗೆಯೇ ಅಡ್ಡ. ಬಾಗಿಲ ಸಂದಿನಲ್ಲಿ ದಿಂಬು ಸಿಕ್ಕಿಕೊಂಡರೆ ಬಾಗಿಲು ಮುಚ್ಚುವುದಿಲ್ಲ ಅಲ್ವಾ, ಹಾಗೆ. ಮನುಷ್ಯರ ಮಕ್ಕಳಲ್ಲೂ ಇದೇ ಸರಣಿ ಕಾಣುತ್ತದೆ, ಅದಕ್ಕೆ ಪಿಯರ್ ರೋಬಿನ್ ಸೀಕ್ವೆನ್ಸ್ ಎನ್ನುತ್ತಾರೆ.

ಆದರೆ ಸಿಪಿ1 ಸಿಕ್ಕ ಮೇಲೂ ಕತೆ ಮುಗಿಯಲಿಲ್ಲ. ಸೀಳು ಇದ್ದ ಕೆಲವು ಟೋಲರ್ ಮರಿಗಳಲ್ಲಿ ಆ ದೋಷ ಇರಲೇ ಇಲ್ಲ. ಮರುವರ್ಷ, 2015ರಲ್ಲಿ, ಅದೇ ತಂಡ ಇನ್ನೊಂದನ್ನು ಹಿಡಿಯಿತು. 27ನೇ ಕ್ರೋಮೋಸೋಮ್‌ನ ಎಡಿಎಎಂಟಿಎಸ್20 ಜೀನ್‌ನಲ್ಲಿ ಬರೀ ಎರಡು ಅಕ್ಷರ ಬಿಟ್ಟುಹೋಗಿವೆ. ಅಲ್ಲಿ 2000 ಜಾಸ್ತಿಯಾಗಿ ತೊಂದರೆ, ಇಲ್ಲಿ ಎರಡು ಕಡಿಮೆಯಾಗಿ ತೊಂದರೆ. ಇದರಲ್ಲಿ ಅಂಗುಳದ ಜೊತೆ ತುಟಿಯೂ ಸೀಳುತ್ತದೆ, ಕಾಲಿನ ನಡುಬೆರಳುಗಳು ಕೂಡಿಕೊಂಡಿರುತ್ತವೆ. ರಿಪೋರ್ಟ್‌ನಲ್ಲಿ ಸಿಎಲ್‌ಪಿಎಸ್ ಅಂತ ಇರುತ್ತದೆ. ಆದ್ದರಿಂದ ಸೀಳು ಇರುವ ಮರಿ ಸಿಕ್ಕರೆ ಅದರ ಪಾದವನ್ನೂ ತಿರುಗಿಸಿ ನೋಡಿ, ಫೋಟೋ ತೆಗೆಯಿರಿ.

ಹಾಗಾಗಿ ಟೋಲರ್ ಸಾಕಿದವರು ಕೇಳಬೇಕಾದದ್ದು ಎರಡು ಟೆಸ್ಟ್: ಸಿಪಿ1, ಸಿಎಲ್‌ಪಿಎಸ್. ಯುಸಿ ಡೇವಿಸ್‌ನ ವೆಟರ್ನರಿ ಜೆನೆಟಿಕ್ಸ್ ಲ್ಯಾಬೊರೇಟರಿ ಎರಡನ್ನೂ ಮಾಡುತ್ತದೆ, ಬೇರೆ ಲ್ಯಾಬ್‌ಗಳಲ್ಲೂ ಸಿಗುತ್ತವೆ. ಯಾವ ಲ್ಯಾಬ್ ಆದರೂ ಆರ್ಡರ್ ಮಾಡುವ ಮುಂಚೆ ಪಟ್ಟಿಯಲ್ಲಿ ಜೀನ್‌ನ ಹೆಸರು ಹುಡುಕಿ. "ತಳಿಯ ಪೂರ್ತಿ ಪ್ಯಾಕೇಜ್" ಅಂತ ಇದ್ದರೆ ಅದರೊಳಗೆ ಏನೇನಿದೆ ಅಂತ ಬಿಡಿಸಿ ಓದಿ.

ಬೇರೆ ತಳಿ ಸಾಕಿದವರಿಗೆ ಒಂದು ಕಹಿ ವಿಷಯ. ಬಾಕ್ಸರ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಸೀಳು ಅಂಗುಳ ಜಾಸ್ತಿ. ತಮಾಷೆ ನೋಡಿ, 2005ರಲ್ಲಿ ಪ್ರಕಟವಾದ ನಾಯಿಯ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ನಕ್ಷೆ, ಟಾಷಾ ಎನ್ನುವ ಹೆಣ್ಣು ಬಾಕ್ಸರ್‌ನದ್ದು. ಆ ನಕ್ಷೆಯನ್ನು ಮುಂದಿಟ್ಟುಕೊಂಡೇ ಟೋಲರ್‌ನ ದೋಷ ಹುಡುಕಿದ್ದು. ಆದರೆ ಸಿಪಿ1, ಸಿಎಲ್‌ಪಿಎಸ್ ಎರಡೂ ಟೋಲರ್‌ನಲ್ಲಿ ಸಿಕ್ಕ ದೋಷಗಳು. ಬುಲ್‌ಡಾಗ್‌ನ ಮಾದರಿ ಕಳಿಸಿದರೆ ಲ್ಯಾಬ್ "ನಾರ್ಮಲ್" ಅಂತ ಬರೆದು ಕಳಿಸುತ್ತದೆ. ಅದರ ಅರ್ಥ ಇಷ್ಟೇ: ಟೋಲರ್‌ನ ದೋಷ ನಿಮ್ಮ ಬುಲ್‌ಡಾಗ್‌ನಲ್ಲಿಲ್ಲ. ಅದರ ಮರಿಗಳ ಅಂಗುಳ ಚೆನ್ನಾಗಿರುತ್ತದೆ ಅಂತ ಅಲ್ಲ. ಈ ಒಂದು "ನಾರ್ಮಲ್" ನಂಬಿ ಮೋಸ ಹೋದವರನ್ನು ನಾನು ನೋಡಿದ್ದೇನೆ.

ಯಾರಿಗೆ, ಯಾವಾಗ

ಮರಿ ಹಾಕಿದ ಮೇಲಲ್ಲ, ಹೆಣ್ಣು ಬೆದೆಗೆ ಬರುವ ಮುಂಚೆ. ಬೆದೆ ಶುರುವಾದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಕೆಲವೇ ದಿನ. ಟೆಸ್ಟ್ ಕಿಟ್ ಬರಬೇಕು, ಮಾದರಿ ಹೋಗಬೇಕು, ಲ್ಯಾಬ್ ನೋಡಬೇಕು. ಅಷ್ಟರಲ್ಲಿ ಬೆದೆ ಮುಗಿದಿರುತ್ತದೆ. ಇಲ್ಲವೇ "ಏನಾಗಲ್ಲ ಬಿಡಿ" ಅಂತ ಯಾರಾದರೂ ಧೈರ್ಯ ತುಂಬಿ ಕ್ರಾಸ್ ಮುಗಿಸಿರುತ್ತಾರೆ. ಜೀನ್ ಜೀವಮಾನವಿಡೀ ಬದಲಾಗುವುದಿಲ್ಲ. ಒಂದು ದೋಷಕ್ಕೆ ಒಂದು ನಾಯಿಗೆ ಒಂದೇ ಸಲ ಮಾಡಿಸಿದರೆ ಸಾಕು. ಹಾಗಿರುವಾಗ ಮರಿಯಾಗಿದ್ದಾಗಲೇ ಮಾಡಿಸಿಬಿಡುವುದು ಲೇಸು.

ಒಂದಕ್ಕೆ ಮಾತ್ರ ಕಾಸು ಇದೆ ಅಂತಾದರೆ ಸಂತಾನಕ್ಕೆ ಬಳಸುವ ಒಂದು ನಾಯಿಗೆ ಮಾಡಿಸಿ. ಅದು ಎರಡೂ ದೋಷಕ್ಕೆ ಕ್ಲಿಯರ್ ಅಂತ ಬಂದರೆ ಜೋಡಿ ಯಾವುದೇ ಇರಲಿ, ಈ ಎರಡು ದೋಷದಿಂದ ಮರಿಗಳಿಗೆ ಸೀಳು ಬರುವುದಿಲ್ಲ. ಕ್ಯಾರಿಯರ್, ಅಂದರೆ ತಾನು ಚೆನ್ನಾಗಿದ್ದರೂ ದೋಷವನ್ನು ಹೊತ್ತಿರುವ ನಾಯಿ, ಅಂತ ಬಂದರೆ ಆಗ ಜೋಡಿಗೂ ಮಾಡಿಸಲೇಬೇಕು. ಸೀಳು ಇರುವ ಮರಿ ಈಗಾಗಲೇ ಹುಟ್ಟಿದ್ದರೆ ಮೊದಲು ಆ ಮರಿಯದ್ದೇ ಕಳಿಸಿ. ಕಾರಣ ಗೊತ್ತಾಗುವುದು ಅಲ್ಲಿಂದಲೇ.

ಕೆನ್ನೆ ಉಜ್ಜುವ ಕೆಲಸ

ನೋಡಲು ಸುಲಭ, ಆದರೆ ಎಲ್ಲರೂ ಕೆಡಿಸುವುದು ಇಲ್ಲೇ. ನಾನು ಎರಡು ಸಲ ಕೆಡಿಸಿದ್ದೇನೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲ್ಯಾಬ್‌ಗೆ ಬೇಕಾದದ್ದು ಉಗುಳಲ್ಲ. ಕೆನ್ನೆಯ ಒಳಚರ್ಮದಿಂದ ಉದುರುವ ಜೀವಕೋಶಗಳು ಬೇಕು. ಬ್ರಷ್ ಒದ್ದೆಯಾಯಿತು ಅಂತ ಕೆಲಸ ಆಯಿತು ಅಂದುಕೊಳ್ಳಬೇಡಿ. ಅದು ಬರೀ ಜೊಲ್ಲು.

ಮೊದಲು ನಾಯಿಗೆ ಒಂದೆರಡು ಗಂಟೆ ಊಟ, ಬಿಸ್ಕತ್ತು, ಅಗಿಯುವ ಆಟಿಕೆ ಏನೂ ಕೊಡಬೇಡಿ. ನೀರು ಕುಡಿದರೆ ಪರವಾಗಿಲ್ಲ, ಆದರೆ ನಾಲ್ಕು ನಾಯಿ ಮೂತಿಯಿಟ್ಟ ಬಟ್ಟಲಲ್ಲಿ ಬೇಡ. ಒಂದರ ಬಾಯಿ ಇನ್ನೊಂದು ನೆಕ್ಕದ ಹಾಗೆ ಬೇರೆ ಕೋಣೆಯಲ್ಲಿಡಿ. ಕೈ ತೊಳೆದುಕೊಳ್ಳಿ. ಬ್ರಷ್ ಪೊಟ್ಟಣವನ್ನು ಹಿಡಿಕೆಯ ಕಡೆಯಿಂದ ಹರಿಯಿರಿ. ಬಿರುಸಾದ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಮೇಜಿನ ಮೇಲೆ ಇಡಬೇಡಿ.

ನಾಯಿಯನ್ನು ಗೋಡೆಯ ಮೂಲೆಗೆ ಕೂರಿಸಿ, ಹಿಂದೆ ಸರಿಯಲು ಆಗದ ಹಾಗೆ. ನಾನು ಎಡಗೈಯಲ್ಲಿ ಮೇಲ್ತುಟಿಯನ್ನು ಸ್ವಲ್ಪ ಹೊರಕ್ಕೆ ಎಳೆದು ಹಿಡಿಯುತ್ತೇನೆ. ಬಾಯಿ ತೆರೆಸುವ ಅಗತ್ಯವಿಲ್ಲ. ಬ್ರಷ್ ಕೆನ್ನೆಗೂ ಒಸಡಿಗೂ ನಡುವಿನ ಜಾಗಕ್ಕೆ ಹೋಗಬೇಕು. ಅಲ್ಲಿ ಕೆನ್ನೆಯ ಕಡೆಗೆ ಒತ್ತಿ, ಹೊರಗಿನಿಂದ ಇನ್ನೊಂದು ಕೈಯಲ್ಲಿ ಕೆನ್ನೆಯನ್ನು ಬ್ರಷ್‌ಗೆ ಆನಿಸಿ, ತಿರುಗಿಸುತ್ತಾ ಉಜ್ಜಬೇಕು. ಹತ್ತರಿಂದ ಹದಿನೈದು ಸೆಕೆಂಡು. ನಾನು ಒಂದರಿಂದ ಹದಿನೈದರವರೆಗೆ ಬಾಯಿಬಿಟ್ಟು ಎಣಿಸುತ್ತೇನೆ, ಇಲ್ಲದಿದ್ದರೆ ಐದಕ್ಕೇ ತೆಗೆದುಬಿಡುತ್ತೇನೆ. ನೀವು ಹಲ್ಲುಜ್ಜುವಾಗ ಬ್ರಷ್ ಕೆನ್ನೆಗೆ ತಾಗಿದರೆ ಎಷ್ಟು ಒತ್ತಡ ಇರುತ್ತದೋ ಅಷ್ಟು ಸಾಕು. ರಕ್ತ ಬರಬಾರದು. ಎರಡನೇ ಬ್ರಷ್ ಇದ್ದರೆ ಇನ್ನೊಂದು ಕೆನ್ನೆಗೆ.

ಆಮೇಲೆ ಬ್ರಷ್‌ಗಳನ್ನು ಗಾಳಿಗೆ ಒಣಗಲು ಬಿಡಿ. ಊದಬೇಡಿ, ನಿಮ್ಮ ಎಂಜಲು ಹಾರುತ್ತದೆ. ಬಿಸಿಲಿಗೆ ಇಡಬೇಡಿ. ಖಾಲಿ ಲೋಟದಲ್ಲಿ ಹಿಡಿಕೆ ಕೆಳಗಾಗಿ ನಿಲ್ಲಿಸಿದರೆ ಒಳ್ಳೆಯದು. ಒಂದು ಲೋಟಕ್ಕೆ ಒಂದೇ ನಾಯಿಯ ಬ್ರಷ್. ಪೂರ್ತಿ ಒಣಗಿದ ಮೇಲೆ ಕಾಗದದ ಲಕೋಟೆಗೆ ಹಾಕಿ, ಪ್ಲಾಸ್ಟಿಕ್ ಚೀಲಕ್ಕಲ್ಲ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಲ್ಯಾಬ್‌ನವರು ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಕೊನೆ, ಯಾಕೆಂದರೆ ಕೆಲವು ಕಿಟ್‌ಗಳಲ್ಲಿ ದ್ರವ ತುಂಬಿದ ಟ್ಯೂಬ್ ಇರುತ್ತದೆ.

ಈಗ ನನ್ನ ತಪ್ಪುಗಳು. ಉಳಿದ ಐದು ಮರಿಗಳಿಗೆ ಮೂರು ವಾರ ತುಂಬಿದಾಗ ಅವಸರದಲ್ಲಿ ಉಜ್ಜಿದೆ. ಅವು ಆಗಷ್ಟೇ ಚುಕ್ಕಿಯ ಮೊಲೆ ಬಿಟ್ಟು ಬಂದಿದ್ದವು. ಹಾಲಿನಲ್ಲಿ ತಾಯಿಯ ಜೀವಕೋಶಗಳಿರುತ್ತವೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಲ್ಯಾಬ್ ಎರಡು ಮಾದರಿಗಳನ್ನು "ಬೆರಕೆಯಾಗಿದೆ, ಮತ್ತೆ ಕಳಿಸಿ" ಅಂತ ತಿರುಗಿಸಿತು. ಎರಡನೇ ಸಲ ಮರಿಗಳನ್ನು ಒಂದೊಂದಾಗಿ ತಾಯಿಯಿಂದ ಎರಡು ಗಂಟೆ ದೂರ ಇಟ್ಟು, ಒದ್ದೆ ಶುದ್ಧ ಬಟ್ಟೆಯಲ್ಲಿ ಬಾಯೊಳಗೆ ಒರೆಸಿ, ಆಮೇಲೆ ಉಜ್ಜಿದೆ. ಅವಸರ ಇಲ್ಲದಿದ್ದರೆ ಹಾಲು ಬಿಡಿಸುವವರೆಗೆ ಕಾಯಿರಿ.

ಎರಡನೇ ತಪ್ಪು ಇನ್ನೂ ಪೆದ್ದು. ಎಲ್ಲ ಮರಿಗಳ ಬ್ರಷ್ ಉಜ್ಜಿ ಮುಗಿಸಿ, ಒಟ್ಟಿಗೆ ಹೆಸರು ಬರೆಯಲು ಕೂತೆ. ನೀಲಿಯದ್ದು ಯಾವುದು, ಕೆಂಪಿನದ್ದು ಯಾವುದು? ಈಗ ನಾನು ಮೊದಲು ಲಕೋಟೆಯ ಮೇಲೆ ಹೆಸರು, ಹುಟ್ಟಿದ ದಿನ, ಗುರುತಿಗೆ ಚರ್ಮದಡಿ ಹಾಕಿಸುವ ಮೈಕ್ರೋಚಿಪ್‌ನ ನಂಬರ್ ಬರೆಯುತ್ತೇನೆ. ಆಮೇಲೆ ನಾಯಿಯನ್ನು ಕರೆಯುತ್ತೇನೆ. ಒಂದು ನಾಯಿ ಮುಗಿದು ಲಕೋಟೆ ಮುಚ್ಚದೆ ಇನ್ನೊಂದು ನಾಯಿಯನ್ನು ಕೋಣೆಗೆ ಬಿಡುವುದಿಲ್ಲ. ಡಾಕ್ಟರ ಬಳಿ ರಕ್ತ ತೆಗೆಸಿ, ಅದು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್‌ನಲ್ಲಿ ಕಳಿಸಲೂಬಹುದು. ಅಲ್ಲಿ ಬೆರಕೆಯ ಭಯವಿಲ್ಲ, ಡಾಕ್ಟರೇ ಚಿಪ್ ನಂಬರ್ ನೋಡಿ ಸಹಿ ಹಾಕಿದರೆ ಮುಂದೆ ಮರಿ ತೆಗೆದುಕೊಳ್ಳುವವರಿಗೂ ನಂಬಿಕೆ.

ರಿಪೋರ್ಟ್ ಓದುವುದು

ಪ್ರತಿ ಜೀನ್‌ನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ಎರಡು ದೋಷಗಳಲ್ಲೂ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಮರಿಗೆ ಸೀಳು. ಒಂದು ಒಳ್ಳೆಯದಿದ್ದರೆ ಅದೇ ಕೆಲಸ ನಡೆಸಿಕೊಂಡು ಹೋಗುತ್ತದೆ. ಎನ್/ಎನ್ ಅಂತಿದ್ದರೆ ಎರಡೂ ಒಳ್ಳೆಯವು, ಅದೇ ಕ್ಲಿಯರ್. ಎನ್/ಸಿಪಿ1 ಅಂತಿದ್ದರೆ ಕ್ಯಾರಿಯರ್: ನಾಯಿ ಆರೋಗ್ಯವಾಗಿರುತ್ತದೆ, ದೋಷವನ್ನು ಹೊತ್ತು ಸರಾಸರಿ ಅರ್ಧ ಮರಿಗಳಿಗೆ ದಾಟಿಸುತ್ತದೆ. ಸಿಪಿ1/ಸಿಪಿ1 ಅಂದರೆ ಎರಡೂ ಕೆಟ್ಟವು.

ಹಳದಿ, ಹಸಿರು ಎರಡೂ ಸಿಪಿ1/ಸಿಪಿ1 ಬಂದವು. ಆ ಕ್ಷಣವೇ ಚುಕ್ಕಿ, ಕೆಂಚ ಇಬ್ಬರೂ ಕ್ಯಾರಿಯರ್ ಅಂತ ಟೆಸ್ಟ್ ಇಲ್ಲದೆಯೇ ಗೊತ್ತಾಯಿತು, ಯಾಕೆಂದರೆ ಮರಿಗೆ ಒಂದೊಂದು ಕೆಟ್ಟ ಪ್ರತಿ ಇಬ್ಬರಿಂದಲೂ ಬರಬೇಕು.

ಇಬ್ಬರು ಕ್ಯಾರಿಯರ್‌ಗಳು ಕೂಡಿದರೆ ಪ್ರತಿ ಮರಿಗೂ ಸೀಳು ಬರುವ ಸಾಧ್ಯತೆ 25%, ಕ್ಯಾರಿಯರ್ ಆಗುವುದು 50%, ಕ್ಲಿಯರ್ ಆಗುವುದು 25%. ಇಲ್ಲಿ ಜನ ಒಂದು ಲೆಕ್ಕ ತಪ್ಪುತ್ತಾರೆ. "ಹೋದ ಸಲ ಇದೇ ಜೋಡಿಗೆ ನಾಲ್ಕು ಮರಿ, ಎಲ್ಲಾ ಗುಂಡು ಗುಂಡಾಗಿದ್ದವು, ಹಾಗಾದ್ರೆ ದೋಷ ಎಲ್ಲಿಂದ?" ಅನ್ನುತ್ತಾರೆ. ಇಬ್ಬರೂ ಕ್ಯಾರಿಯರ್ ಆಗಿದ್ದರೂ ನಾಲ್ಕು ಮರಿಯಲ್ಲಿ ಒಂದಕ್ಕೂ ಸೀಳು ಬಾರದೇ ಇರುವ ಸಾಧ್ಯತೆ ಸುಮಾರು 32%. ಎಂಟು ಮರಿಯಾದರೂ 10% ಇದ್ದೇ ಇದೆ. ಒಂದು ಸಲ ಮರಿಗಳು ಚೆನ್ನಾಗಿ ಹುಟ್ಟಿದ್ದು ಯಾವುದಕ್ಕೂ ಸಾಕ್ಷಿಯಲ್ಲ.

ಇನ್ನೊಂದು ಲೆಕ್ಕ, ಇದು ಮರಿ ತೆಗೆದುಕೊಂಡವರಿಗೆ. ಸೀಳು ಇದ್ದ ಮರಿಯ ಒಡಹುಟ್ಟಿದವು ನೋಡಲು ಆರೋಗ್ಯವಾಗಿದ್ದರೂ ಅವು ಕ್ಯಾರಿಯರ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು, ಅರ್ಧವಲ್ಲ. ನಾಲ್ಕು ಪಾಲಿನಲ್ಲಿ ಸೀಳಿನ ಪಾಲು ತೆಗೆದುಹಾಕಿದರೆ ಉಳಿಯುವ ಮೂರು ಪಾಲಿನಲ್ಲಿ ಎರಡು ಕ್ಯಾರಿಯರ್‌ಗಳದ್ದು. ನಮ್ಮ ಐದರಲ್ಲಿ ನಾಲ್ಕು ಕ್ಯಾರಿಯರ್ ಬಂದವು, ಕೆಂಪು ದಾರದ ಹೆಣ್ಣು ಮಾತ್ರ ಕ್ಲಿಯರ್.

ಒಂದು ನಾಯಿ ಸಿಪಿ1 ಕ್ಯಾರಿಯರ್, ಇನ್ನೊಂದು ಸಿಎಲ್‌ಪಿಎಸ್ ಕ್ಯಾರಿಯರ್ ಆಗಿದ್ದರೆ? ಅವು ಬೇರೆ ಬೇರೆ ಜೀನ್‌ಗಳು. ಸೀಳು ಬರುವುದಿಲ್ಲ. ಆದರೆ ನಾಲ್ಕರಲ್ಲಿ ಒಂದು ಮರಿ ಎರಡನ್ನೂ ಹೊತ್ತಿರುತ್ತದೆ. ಆ ಮರಿಗೆ ಮುಂದೆ ಜೋಡಿ ಹುಡುಕುವುದು ತಲೆನೋವು.

"ತಂದೆತಾಯಿ ಕ್ಲಿಯರ್, ಆದ್ದರಿಂದ ಮರಿಯೂ ಕ್ಲಿಯರ್" ಅಂತ ಕೆಲವರು ಟೆಸ್ಟ್ ಇಲ್ಲದೆ ಬರೆದುಕೊಡುತ್ತಾರೆ. ಲೆಕ್ಕ ಸರಿ, ಆದರೆ ಅಪ್ಪ ಯಾರು ಎನ್ನುವುದು ಖಾತ್ರಿ ಇದ್ದರೆ ಮಾತ್ರ. ಬೆದೆಯಲ್ಲಿದ್ದ ಹೆಣ್ಣು ಬೇಲಿ ಹಾರಿದ ಕತೆ ಯಾವ ಕಾಗದದಲ್ಲೂ ಇರುವುದಿಲ್ಲ. ನಾನು ಒಂದು ತಲೆಮಾರಿಗೆ ಒಪ್ಪುತ್ತೇನೆ, ಎರಡನೇ ತಲೆಮಾರಿಗೆ ಮತ್ತೆ ಬ್ರಷ್ ತೆಗೆಯುತ್ತೇನೆ.

ಕ್ಯಾರಿಯರ್ ಬಂತು, ಈಗೇನು

ರಿಪೋರ್ಟ್ ಬಂದ ದಿನ ನಾನು ನಾಲ್ಕೂ ಕ್ಯಾರಿಯರ್‌ಗಳಿಗೆ ಸಂತಾನಹರಣ ಮಾಡಿಸಿಬಿಡುತ್ತೇನೆ ಅಂದಿದ್ದೆ. ಡಾಕ್ಟರು ತಡೆದರು. ಟೋಲರ್‌ನಂಥ ಸಣ್ಣ ತಳಿಯಲ್ಲಿ ಎಲ್ಲ ಕ್ಯಾರಿಯರ್‌ಗಳನ್ನೂ ಒಮ್ಮೆಲೇ ತೆಗೆದುಹಾಕಿದರೆ ಉಳಿದ ಕೆಲವೇ ನಾಯಿಗಳ ಮೇಲೆ ಇಡೀ ತಳಿ ನಿಲ್ಲುತ್ತದೆ. ಆಗ ಇನ್ನೂ ಯಾರಿಗೂ ಗೊತ್ತಿಲ್ಲದ ಬೇರೊಂದು ದೋಷ ತಲೆ ಎತ್ತುತ್ತದೆ. ಒಳ್ಳೆಯ ಸ್ವಭಾವ, ಒಳ್ಳೆಯ ಸೊಂಟದ ಕೀಲು, ಒಳ್ಳೆಯ ಕಣ್ಣು ಇರುವ ಕ್ಯಾರಿಯರ್‌ನ್ನು ಕ್ಲಿಯರ್ ನಾಯಿಯ ಜೊತೆ ಕೂಡಿಸಬಹುದು. ಸೀಳು ಒಂದಕ್ಕೂ ಬರುವುದಿಲ್ಲ, ಸರಾಸರಿ ಅರ್ಧ ಮರಿ ಕ್ಯಾರಿಯರ್. ಆ ಮರಿಗಳಿಗೆಲ್ಲ ಟೆಸ್ಟ್ ಮಾಡಿಸಿ, ಕ್ಲಿಯರ್ ಇರುವುದನ್ನು ಮುಂದಿನ ತಲೆಮಾರಿಗೆ ಇಟ್ಟುಕೊಳ್ಳುವುದು. ಮರಿ ಕೊಡುವಾಗ ರಿಪೋರ್ಟ್‌ನ ಪ್ರತಿ ಕೈಗೆ ಕೊಡಿ, "ಸುಮ್ನೆ ಹೇಳಿ ಬಿಟ್ಟೆ" ಅಂತ ಆಗಬಾರದು.

ಸೀಳು ಇರುವ ಮರಿ ಬದುಕಿದ್ದರೆ ಟೆಸ್ಟ್‌ನಿಂದ ಅದಕ್ಕೆ ಏನೂ ಉಪಕಾರವಿಲ್ಲ. ಅದಕ್ಕೆ ಬೇಕಾದದ್ದು ಟ್ಯೂಬ್‌ನಿಂದ ಹೊಟ್ಟೆಗೇ ಹಾಲು, ಹಗಲು ರಾತ್ರಿ. ಮೂರು ನಾಲ್ಕು ತಿಂಗಳು ಸಾಗಿಸಿದರೆ ಸರ್ಜರಿ ಸಾಧ್ಯ. ಟ್ಯೂಬ್ ಹಾಕುವುದನ್ನು ಡಾಕ್ಟರು ಕೈಹಿಡಿದು ಕಲಿಸಬೇಕು, ಓದಿ ಮಾಡುವ ಕೆಲಸವಲ್ಲ.

ನಿಮ್ಮ ತಳಿಗೆ ಟೆಸ್ಟ್ ಇಲ್ಲದಿದ್ದರೆ

ಆಗ ನಿಮ್ಮ ನೋಟ್‌ಬುಕ್ಕೇ ಟೆಸ್ಟ್. ಪ್ರತಿ ಸಲದ ಮರಿಗಳ ಬಾಯಿ ನೋಡಿ ಬರೆಯಿರಿ, ಸತ್ತು ಹುಟ್ಟಿದವನ್ನೂ ಸೇರಿಸಿ. ಸೀಳು ಇದ್ದ ಮರಿ ಹುಟ್ಟಿದ ಜೋಡಿಯನ್ನು ಮತ್ತೆ ಕೂಡಿಸಬೇಡಿ. ಹತ್ತಿರದ ನೆಂಟರನ್ನು ಒಟ್ಟಿಗೆ ತರಬೇಡಿ. ಮರಿ ಸತ್ತರೆ ಹೂಳುವ ಮುಂಚೆ ಡಾಕ್ಟರಿಂದ ಕಿವಿಯ ಒಂದು ತುಣುಕು ತೆಗೆಸಿ, ಹೆಸರು ಬರೆದು ಫ್ರೀಜರ್‌ನಲ್ಲಿಡಿ. ತಂದೆತಾಯಿಯ ರಕ್ತವೂ ಸಿಕ್ಕರೆ ಇನ್ನೂ ಒಳ್ಳೆಯದು. ಟೋಲರ್‌ನ ದೋಷ ಸಿಕ್ಕದ್ದೂ ಹೀಗೇ, ಸೀಳು ಇದ್ದ ಮರಿಗಳ ಡಿಎನ್‌ಎಯನ್ನು ಚೆನ್ನಾಗಿರುವ ನಾಯಿಗಳ ಡಿಎನ್‌ಎ ಪಕ್ಕದಲ್ಲಿಟ್ಟು ಎಲ್ಲಿ ವ್ಯತ್ಯಾಸ ಅಂತ ಹುಡುಕಿ. ಮಾದರಿ ಕೊಟ್ಟವರೆಲ್ಲ ನಾಯಿ ಸಾಕಿದವರೇ.

ಫೋಲಿಕ್ ಆಸಿಡ್ ಎನ್ನುವ ಬಿ ವಿಟಮಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಾಸ್ಟನ್ ಟೆರಿಯರ್‌ನಂಥ ಕೆಲವು ತಳಿಗಳಲ್ಲಿ ಕ್ರಾಸ್‌ಗೆ ಮುಂಚಿನಿಂದ ಕೊಟ್ಟಾಗ ಸೀಳು ಕಡಿಮೆಯಾದದ್ದನ್ನು ಅಧ್ಯಯನಗಳು ತೋರಿಸಿವೆ. ಪ್ರಮಾಣ ಡಾಕ್ಟರು ಹೇಳಲಿ. ಮರಿ ನಿಂತಿದೆ ಅಂತ ಖಾತ್ರಿಯಾದ ಮೇಲೆ ಶುರುಮಾಡಿದರೆ ತಡವಾಗಿರುತ್ತದೆ, ಅಷ್ಟರಲ್ಲಿ ಅಂಗುಳ ಕೂಡುವ ಹೊತ್ತು ಬಂದಿರುತ್ತದೆ. ಇಬ್ಬರು ಕ್ಯಾರಿಯರ್‌ಗಳನ್ನು ಕೂಡಿಸಿ, ಮಾತ್ರೆ ಕೊಟ್ಟೆ ಅಂತ ನೆಮ್ಮದಿಯಾಗಿರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮಾತ್ರೆಯಿಂದ ಜೀನ್ ಬದಲಾಗುವುದಿಲ್ಲ.

ಕೆಂಪು ದಾರದವಳಿಗೆ ಈಗ ಮೂರು ವರ್ಷ. ಅವಳ ಮೊದಲ ಆರು ಮರಿಗಳು ಹೋದ ತಿಂಗಳು ಹುಟ್ಟಿದವು. ಅವಳು ಕ್ಲಿಯರ್, ಗಂಡೂ ಎರಡಕ್ಕೂ ಕ್ಲಿಯರ್. ರಿಪೋರ್ಟನ್ನು ಈ ಸಲ ಸಾಲು ಸಾಲಾಗಿ ಓದಿದ್ದೇನೆ. ಆದರೂ ಹುಟ್ಟಿದ ಕೂಡಲೇ ಮಗಳು ಟಾರ್ಚ್ ಹಿಡಿದಳು, ನಾನು ಆರರ ಬಾಯಲ್ಲೂ ಕಿರುಬೆರಳಿಟ್ಟೆ. ಏಣು, ಏಣು, ಏಣು. ಬೆರಳನ್ನು ಚೀಪಿದ ರಭಸಕ್ಕೆ ಕೊನೆಯದ್ದು ಬಿಡಲೇ ಇಲ್ಲ.